ಕೇಳುವ ಡಿಶ್‌ಗೂ ಒಂದು ವಿಳಾಸ ಬೇಕು

ಭಾನುವಾರ ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಮಾತು ಇದು. ಹೆಸರು ತೆಗೆದು ಸಂಬಂಧ ಮಾತ್ರ ಉಳಿಸಿದ್ದೇನೆ. ನಾನು ಡೆನ್ವರ್‌ನಲ್ಲಿ ಸ್ಯಾಟಲೈಟ್ ಡಿಶ್‌ಗಳ ಲೈಸೆನ್ಸ್ ಅರ್ಜಿ ತಯಾರಿಸುವ ಕೆಲಸದಲ್ಲಿದ್ದೇನೆ.

ತಮ್ಮ: [ಸ್ಕ್ರೀನ್‌ಶಾಟ್] ಅಕ್ಕ, ಇದು ನಿನ್ನ ಆಫೀಸಿನ ವಿಷಯ ಅಲ್ವಾ? ಎಫ್‌ಸಿಸಿ, ಅಂದರೆ ಅಮೆರಿಕದ ದೂರಸಂಪರ್ಕ ಆಯೋಗದ ನೋಟಿಸ್. ಸ್ಯಾಟಲೈಟ್ ಡಿಶ್ ಇರುವ ಗ್ರೌಂಡ್ ಸ್ಟೇಷನ್ ಇಟ್ಟವರು 5ಜಿ ಕಂಪನಿಗಳ ಜೊತೆ ಸ್ಪೆಕ್ಟ್ರಮ್ (ರೇಡಿಯೋ ತರಂಗದ ಜಾಗ) ಹಂಚಿಕೊಳ್ಳಬೇಕಾದರೆ ಜನಸಂಖ್ಯೆ ಲೆಕ್ಕ, ರಸ್ತೆ ಲೆಕ್ಕ, ಪಕ್ಕದವರಿಗೆ ಪತ್ರ, ಎಲ್ಲಾ ಕೊಡಬೇಕಂತೆ. ಎಲ್ಲಿ ಹೋದರೂ ಸರ್ಕಾರ ಒಂದೇ. ಕೆಲಸ ಮಾಡುವವರಿಗೆ ಕಾಗದದ ಕಾಟ.

ಚಿಕ್ಕಮ್ಮ: ಡಿಶ್ ಅಂದರೆ ಟಿವಿ ಡಿಶ್ಶಾ? ನಮಗೂ ಅರ್ಥ ಆಗುವ ಹಾಗೆ ಹೇಳಿ.

ನಾನು: ಅದೇ ಜಾತಿಯದು ಚಿಕ್ಕಮ್ಮ, ತುಂಬಾ ದೊಡ್ಡದು. ತಮ್ಮಾ, ನೋಟಿಸ್ ಪೂರ್ತಿ ಓದಿದೆಯಾ? ಅದು ಹೊಸ ನಿಯಮ ಅಲ್ಲ. ಕಾಗದ ಪತ್ರದ ಹೊರೆ ಇಳಿಸುವುದಕ್ಕೇ ಅಂತ ಇಲ್ಲಿ 1980ರಲ್ಲಿ ಒಂದು ಕಾನೂನು ಮಾಡಿದರು. ಯಾವ ಇಲಾಖೆಯಾದರೂ 10 ಅಥವಾ ಅದಕ್ಕಿಂತ ಹೆಚ್ಚು ಜನರಿಂದ ಒಂದೇ ಥರದ ಮಾಹಿತಿ ಕೇಳಬೇಕಾದರೆ ಮೊದಲು ಶ್ವೇತಭವನದ ಬಜೆಟ್ ಕಚೇರಿಯ ಒಪ್ಪಿಗೆ ತಗೋಬೇಕು. ಆ ಒಪ್ಪಿಗೆ ಹೆಚ್ಚೆಂದರೆ 3 ವರ್ಷ. ಮುಗಿದ ಮೇಲೆ ಮತ್ತೆ ಕೇಳಬೇಕು, ಕೇಳುವ ಮುಂಚೆ ಜನರ ಅಭಿಪ್ರಾಯಕ್ಕೆ 60 ದಿನ, ಆಮೇಲೆ ಇನ್ನೊಂದು 30 ದಿನ ಬಿಡಬೇಕು. ಫಾರಂ ತುಂಬೋಕೆ ಎಷ್ಟು ಗಂಟೆ ಹಿಡಿಯುತ್ತೆ ಅಂತಲೂ ಅದರಲ್ಲೇ ಬರೆಯಬೇಕು. ನೀನು ಕಳಿಸಿರುವುದು ಆ ನೋಟಿಸ್. ಕಾಟ ಜಾಸ್ತಿ ಅನಿಸಿದರೆ ಹೇಳಿ ಅಂತ ಅವರೇ ಕೇಳ್ತಿದ್ದಾರೆ.

ತಮ್ಮ: ಸರಿ, ಹಳೇ ನಿಯಮವೇ ಇರಲಿ. ಸುತ್ತ ಎಷ್ಟು ಜನ ಇದ್ದಾರೆ ಅಂತ ಎಣಿಸೋದು ಡಿಶ್ ಇಡುವವನ ಕೆಲಸವಾ?

ನಾನು: 28 ಗಿಗಾಹರ್ಟ್ಸ್‌ನಲ್ಲಿ ಹೌದು. ಅಲ್ಲಿ ಡಿಶ್ ನೆಲದಿಂದ ಸ್ಯಾಟಲೈಟ್‌ಗೆ ಕಳಿಸುತ್ತೆ. ಅದೇ ಫ್ರೀಕ್ವೆನ್ಸಿಯಲ್ಲಿ 5ಜಿ ಫೋನ್‌ಗಳೂ ಇರುತ್ತವೆ. ಡಿಶ್ ಎಷ್ಟೇ ಮೇಲೆ ನೋಡಿದರೂ ಸ್ವಲ್ಪ ಪಕ್ಕಕ್ಕೆ ಚೆಲ್ಲಿಯೇ ಚೆಲ್ಲುತ್ತೆ. 2016ರ ಜುಲೈನಲ್ಲಿ ಎಫ್‌ಸಿಸಿ ಹೇಳಿದ್ದು ಇಷ್ಟು: ಚೆಲ್ಲುವ ಶಕ್ತಿ ಒಂದು ಮಿತಿಗಿಂತ ಜಾಸ್ತಿ ಇರುವ ಜಾಗವನ್ನು ನಕ್ಷೆ ಮೇಲೆ ಗೆರೆ ಎಳೆದು ತೋರಿಸು. ಆ ಗೆರೆ ಒಳಗೆ ತುಂಬಾ ಜನ ಇರಬಾರದು. 2017ರಲ್ಲಿ ತಿದ್ದಿದ ಲೆಕ್ಕದ ಪ್ರಕಾರ 4,50,000ಕ್ಕಿಂತ ಹೆಚ್ಚು ಜನ ಇರುವ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಥರ) 0.1 ಶೇಕಡಾ, 6,000ದಿಂದ 4,50,000 ಇದ್ದರೆ 450 ಜನ, ಅದಕ್ಕಿಂತ ಸಣ್ಣದಾದರೆ 7.5 ಶೇಕಡಾ. ಹೆದ್ದಾರಿ, ಪ್ಯಾಸೆಂಜರ್ ರೈಲು ದಾರಿ, ದೊಡ್ಡ ಸ್ಟೇಡಿಯಂ ಕೂಡ ಒಳಗೆ ಬರಬಾರದು. ಒಂದು ಕೌಂಟಿಯಲ್ಲಿ ಇಂಥ ಡಿಶ್ ಸ್ಟೇಷನ್‌ಗಳು ಮೂರಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಆಮೇಲೆ ಅಲ್ಲಿನ 5ಜಿ ಲೈಸೆನ್ಸ್‌ದಾರರಿಗೆ ಪತ್ರ ಬರೆದು ಉತ್ತರಕ್ಕೆ 30 ದಿನ ಕೊಡಬೇಕು.

ಹಾಸನ ಮಾವ: ನಾನು ಹಾಸನದ ಇಸ್ರೋ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಅಷ್ಟು ವರ್ಷ ಕೆಲಸ ಮಾಡಿದವನು. ನನಗೆ ಇದು ನ್ಯಾಯ ಅನಿಸಲ್ಲ. ಸ್ಯಾಟಲೈಟ್ ಮೊದಲು ಬಂತು, 5ಜಿ ನಿನ್ನೆ ಮೊನ್ನೆ ಬಂತು. ಹೊಸದಾಗಿ ಬಂದವರು ಲೆಕ್ಕ ಕೊಡಲಿ. ಮನೇಲಿ ಮೊದಲಿಂದ ಇದ್ದವನು ಯಾಕೆ ಕೊಡಬೇಕು?

ನಾನು: ಮಾವ, 28ರಲ್ಲಿ ಆ ಮಾತು ನಿಲ್ಲಲ್ಲ. 1996ರಲ್ಲಿ ಆ ಬ್ಯಾಂಡ್ ಹಂಚಿದಾಗಲೇ ನೆಲದ ವೈರ್‌ಲೆಸ್ ಮೊದಲ ಸಾಲು, ಡಿಶ್ ಎರಡನೇ ಸಾಲು ಅಂತ ಬರೆದಿದ್ದರು. ಆದರೆ ಸಿ ಬ್ಯಾಂಡ್‌ನಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಾಗದದ ಪರ ಮಾತಾಡುವುದೂ ಅಲ್ಲಿ ಆದದ್ದನ್ನು ನೋಡಿಯೇ.

ತಿಪಟೂರು ಭಾವ: ಸಿ ಬ್ಯಾಂಡ್ ಅಂದರೆ ನಮ್ಮ ಕೇಬಲ್ ಡಿಶ್‌ದೇ ಅಲ್ವಾ?

ನಾನು: ಅದೇ ಭಾವ. 3.7ರಿಂದ 4.2 ಗಿಗಾಹರ್ಟ್ಸ್. ಇಲ್ಲಿಯೂ ಕೇಬಲ್‌ನವರು, ರೇಡಿಯೋ ಸ್ಟೇಷನ್‌ಗಳು, ಚರ್ಚುಗಳು ಅದರಲ್ಲೇ ಕಾರ್ಯಕ್ರಮ ಇಳಿಸಿಕೊಳ್ಳುತ್ತಿದ್ದರು. ಬರೀ ಕೇಳುವ ಡಿಶ್‌ಗೆ ರಿಜಿಸ್ಟ್ರೇಶನ್ ಕಡ್ಡಾಯ ಇರಲಿಲ್ಲ. ಹಾಗಾಗಿ ಬಹಳ ಜನ ಮಾಡಿಸಲೇ ಇಲ್ಲ. 5ಜಿಗೆ ಈ ಜಾಗ ಬೇಕು ಅಂತ ಮಾತು ಶುರುವಾಯಿತು. 2018ರ ಏಪ್ರಿಲ್ 19ಕ್ಕೆ ಎಫ್‌ಸಿಸಿ ಗೆರೆ ಎಳೆಯಿತು: ಅವತ್ತಿಗೆ ಕಟ್ಟಿ ನಡೆಯುತ್ತಿದ್ದ ಡಿಶ್‌ಗಳು ಮಾತ್ರ ಬಂದು ಹೆಸರು ಬರೆಸಿ. ಗಡುವು ಎರಡು ಸಲ ಮುಂದೆ ಹೋಗಿ ಅಕ್ಟೋಬರ್ 31ಕ್ಕೆ ನಿಂತಿತು. ಫೀಸು 435 ಡಾಲರ್. ದುಬಾರಿ ತಾಂತ್ರಿಕ ವರದಿಯನ್ನು ಆ ಸಲ ಮಾತ್ರ ಮನ್ನಾ ಮಾಡಿದ್ದರು.

ಆ ಅಕ್ಟೋಬರ್‌ನಲ್ಲಿ ನಾನು ದಿನಾ ಫೋನ್ ಮಾಡುತ್ತಿದ್ದೆ. ಒಂದು ಸಣ್ಣ ಊರಿನ ರೇಡಿಯೋ ಸ್ಟೇಷನ್ ನೋಡಿಕೊಳ್ಳುತ್ತಿದ್ದ ಹಿರಿಯರು, "ಅಮ್ಮಾ, ಈ ಡಿಶ್ 20 ವರ್ಷದಿಂದ ಇಲ್ಲೇ ಇದೆ, ಯಾರಿಗೂ ತೊಂದರೆ ಕೊಟ್ಟಿಲ್ಲ, ಯಾಕೆ ದುಡ್ಡು ಕೊಟ್ಟು ಹೆಸರು ಬರೆಸಬೇಕು" ಅಂದರು. ನಾನು ಮೂರು ಸಲ ಹೇಳಿದೆ. ಅವರು ಬರೆಸಲಿಲ್ಲ.

2020ರ ಫೆಬ್ರವರಿ 28ಕ್ಕೆ ಆದೇಶ ಬಂತು. ಸಿ ಬ್ಯಾಂಡ್‌ನ ಕೆಳಗಿನ 280 ಮೆಗಾಹರ್ಟ್ಸ್ 5ಜಿಗೆ ಅಂತ ಹರಾಜಿಗೆ ಹೋಯಿತು, 8,100 ಕೋಟಿ ಡಾಲರ್ ದಾಟಿತು. ಡಿಶ್‌ಗಳಿಗೆ ಫಿಲ್ಟರ್ ಹಾಕುವುದು, ತಿರುಗಿಸುವುದು, ಎಲ್ಲ ಖರ್ಚೂ ಗೆದ್ದ ಕಂಪನಿಗಳದ್ದು. ಯಾರಿಗೆ? ಪಟ್ಟಿಯಲ್ಲಿ ಹೆಸರು ಇದ್ದವರಿಗೆ. ಆ ಹಿರಿಯರು ಫಿಲ್ಟರ್‌ಗೆ ಸ್ವಂತ ದುಡ್ಡು ಹಾಕಿದರು. ನಾಳೆ ಹತ್ತಿರದ ಟವರ್‌ನಿಂದ ತೊಂದರೆ ಆದರೂ ಅವರು ದೂರು ಕೊಡೋಕೆ ಆಗಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ನಾಲ್ಕನೇ ಸಲ ಫೋನ್ ಮಾಡಬೇಕಿತ್ತು.

ತಮ್ಮ: ಅಕ್ಕ, ಇದು ನನ್ನ ಮಾತನ್ನೇ ಹೇಳುತ್ತೆ. 20 ವರ್ಷ ನಿಯತ್ತಾಗಿ ಇದ್ದವರು ಒಂದು ಫಾರಂ ತುಂಬಲಿಲ್ಲ ಅಂತ ಹಕ್ಕು ಕಳೆದುಕೊಂಡರು. ಇದು ಅನ್ಯಾಯ. ಸರ್ಕಾರವೇ ಹೋಗಿ ನೋಡಿಕೊಂಡು ಬರಬೇಕಿತ್ತು.

ನಾನು: ಹೇಗೆ ನೋಡುತ್ತೆ ಹೇಳು? ಕಳಿಸುವ ಡಿಶ್ ಆದರೆ ಗಾಡಿಯಲ್ಲಿ ಮೀಟರ್ ಇಟ್ಟುಕೊಂಡು ಹೋಗಿ ಹುಡುಕಬಹುದು. ಬರೀ ಕೇಳುವ ಡಿಶ್ ಸದ್ದೇ ಮಾಡಲ್ಲ. ಹೊರಗಿನಿಂದ ಅದು ಕೆಲಸ ಮಾಡ್ತಿದೆಯೋ, ತುಕ್ಕು ಹಿಡಿದು ನಿಂತಿದೆಯೋ, ಯಾವ ಸ್ಯಾಟಲೈಟ್ ಕಡೆ ನೋಡ್ತಿದೆಯೋ ಗೊತ್ತಾಗಲ್ಲ. ಅದಕ್ಕೆ ಬರುವ ಸಿಗ್ನಲ್ 36,000 ಕಿಲೋಮೀಟರ್ ಮೇಲಿಂದ, ತುಂಬಾ ಸಣ್ಣದು. ಪಕ್ಕದಲ್ಲಿ ಟವರ್ ಎದ್ದರೆ ಮೊದಲು ಸಾಯುವುದು ಅದೇ. ಅದರ ಮಾಲೀಕ ತಾನಾಗಿ ಹೇಳದಿದ್ದರೆ ಅದು ಇದೆ ಅಂತ ಲೋಕಕ್ಕೆ ಗೊತ್ತಾಗುವ ಇನ್ನೊಂದು ದಾರಿ ಇಲ್ಲ. ಅನ್ಯಾಯ ಆಗಿದ್ದು ಫಾರಂನಿಂದ ಅಲ್ಲ, ಅಷ್ಟು ವರ್ಷ ಫಾರಂ ಬೇಕಿಲ್ಲ ಅಂತ ಬಿಟ್ಟು ಆಮೇಲೆ ಆರೇಳು ತಿಂಗಳು ಕೊಟ್ಟಿದ್ದರಿಂದ.

ಹಾಸನ ಮಾವ: ಈ ಮಾತು ಒಪ್ಪಿದೆ. ಕೇಳುವವನ ಕಷ್ಟ ಕಳಿಸುವವನಿಗೆ ತಿಳಿಯಲ್ಲ.

ತಮ್ಮ: ಆಯ್ತು. ಆದರೆ ಇವತ್ತು ಕಂಪ್ಯೂಟರ್ ಇದೆಯಲ್ಲ. 3.5 ಗಿಗಾಹರ್ಟ್ಸ್‌ನಲ್ಲಿ ಸಾಫ್ಟ್‌ವೇರ್ ತಾನೇ ಯಾರಿಗೆ ಎಲ್ಲಿ ಜಾಗ ಅಂತ ನಿಮಿಷ ನಿಮಿಷಕ್ಕೆ ಹಂಚುತ್ತೆ. ಅರ್ಜಿ, ಪತ್ರ, 30 ದಿನ ಯಾವುದೂ ಬೇಡ. ಎಲ್ಲಾ ಕಡೆ ಹಾಗೇ ಮಾಡಲಿ.

ನಾನು: ಅದನ್ನೇ ನೋಡು. 3550ರಿಂದ 3700 ಮೆಗಾಹರ್ಟ್ಸ್‌ವರೆಗೆ ಆ ಸಾಫ್ಟ್‌ವೇರ್ ಹಂಚುತ್ತೆ, ಚೆನ್ನಾಗಿಯೂ ಹಂಚುತ್ತೆ. ಆದರೆ ಅಲ್ಲಿ ರಕ್ಷಣೆ ಬೇಕಾದ ಡಿಶ್‌ನವರು ಪ್ರತಿ ವರ್ಷ ಡಿಸೆಂಬರ್ 1ರ ಒಳಗೆ ಮುಂದಿನ ವರ್ಷಕ್ಕೆ ಹೆಸರು ಬರೆಸಬೇಕು. ಡಿಶ್ ಎಲ್ಲಿದೆ, ಯಾವ ದಿಕ್ಕು, ಎಷ್ಟು ಎತ್ತರದ ಕೋನ, ಆಂಟೆನಾ ಪಕ್ಕಕ್ಕೆ ಎಷ್ಟು ಕೇಳುತ್ತೆ. ಈ ಅಂಕಿ ಇಟ್ಟುಕೊಂಡೇ ಸಾಫ್ಟ್‌ವೇರ್ 150 ಕಿಲೋಮೀಟರ್ ಸುತ್ತ ಲೆಕ್ಕ ಹಾಕುತ್ತೆ. ಅಂಕಿ ಕೊಡದಿದ್ದರೆ ಅದರ ಕಣ್ಣಿಗೆ ಆ ಡಿಶ್ ಇಲ್ಲವೇ ಇಲ್ಲ.

ತಮ್ಮ: ಪ್ರತಿ ವರ್ಷವಾ? ಡಿಶ್ ಏನು ಕಾಲು ಬಂದು ನಡೆದು ಹೋಗುತ್ತಾ?

ನಾನು: ಇಲ್ಲಿ ನೀನು ಸರಿ. ಏನೂ ಬದಲಾಗದಿದ್ದರೆ ಅದೇ ಅಂಕಿ ಮತ್ತೆ ತುಂಬಿಸುವುದರಲ್ಲಿ ಅರ್ಥ ಇಲ್ಲ. "ಹೋದ ವರ್ಷದ್ದೇ" ಅಂತ ಒಂದು ಗುಂಡಿ ಒತ್ತಿದರೆ ಸಾಕಾಗಬೇಕು. 28ರಲ್ಲಿ ನಕ್ಷೆ, ಜನಸಂಖ್ಯೆ ಲೆಕ್ಕ ಮಾಡಿಸೋಕೆ ದೊಡ್ಡ ಕಂಪನಿಗೆ ಒಂದು ತಂಡವೇ ಇರುತ್ತೆ, ಸಣ್ಣವರು ನಮ್ಮಂಥವರಿಗೆ ದುಡ್ಡು ಕೊಡಬೇಕು. ಜನಗಣತಿ ಅಂಕಿ ಸರ್ಕಾರದ ಹತ್ತಿರವೇ ಇದೆ. ಡಿಶ್‌ನವರು ಗೆರೆ ಕೊಟ್ಟರೆ ಅದರ ಒಳಗಿನ ತಲೆ ಎಣಿಸುವುದನ್ನು ಎಫ್‌ಸಿಸಿ ತಾನೇ ಮಾಡಲಿ. ನಾನು ಇದನ್ನು ಗಡುವಿನ ಒಳಗೆ ಬರೆದು ಕಳಿಸುತ್ತೇನೆ. ನಮ್ಮ ಆಫೀಸಿಗೆ ಬರುವ ಕೆಲಸ ಕಡಿಮೆ ಆದರೂ ಪರವಾಗಿಲ್ಲ.

ತಿಪಟೂರು ಭಾವ: ನೀವಿಬ್ಬರೂ ಅಮೆರಿಕದ ವಿಷಯ ಮಾತಾಡುತ್ತಿದ್ದೀರಿ, ನನಗೆ ಇಲ್ಲಿಯದೇ ನೆನಪಾಯಿತು. ಸುಮಾರು ವರ್ಷದ ಹಿಂದೆ ನಮ್ಮ ಹತ್ತಿರ ಯಾವುದೋ ವೈರ್‌ಲೆಸ್ ಇಂಟರ್‌ನೆಟ್ ಟವರ್ ಬಂತು. ಮಾರನೇ ದಿನದಿಂದ ನಾಲ್ಕೈದು ಚಾನೆಲ್ ಚೌಕ ಚೌಕ ಒಡೆಯೋಕೆ ಶುರು. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಮೂರು ಸಲ ಬದಲಾಯಿಸಿದೆ. ಜನ ಮನೆಗೆ ಬಂದು ಬೈದರು. ಕೊನೆಗೆ ಬೆಂಗಳೂರಿನಿಂದ ಫಿಲ್ಟರ್ ತರಿಸಿ ಹಾಕಿದ ಮೇಲೆ ನಿಂತಿತು. ನಾನು ಕೇಬಲ್ ಆಪರೇಟರ್ ಅಂತ ಹೆಡ್ ಪೋಸ್ಟ್ ಆಫೀಸಿನಲ್ಲಿ ರಿಜಿಸ್ಟ್ರೇಶನ್ ಮಾಡಿಸಿದ್ದೆ, ಅದರಲ್ಲಿ ಡಿಶ್ ಎಲ್ಲಿದೆ ಅಂತ ಬರೆದ ನೆನಪಿಲ್ಲ.

ಹಾಸನ ಮಾವ: ನಮ್ಮಲ್ಲೂ 2022ರಲ್ಲಿ 3300ರಿಂದ 3670 ಮೆಗಾಹರ್ಟ್ಸ್‌ವರೆಗೆ 5ಜಿಗೆ ಹರಾಜು ಆಯಿತಲ್ಲ. ನಿಮ್ಮ ಡಿಶ್ 3700ರಿಂದ ಕೇಳುತ್ತೆ. ಮಧ್ಯೆ 30 ಮೆಗಾಹರ್ಟ್ಸ್ ಅಷ್ಟೆ. ಹಳೇ ಎಲ್‌ಎನ್‌ಬಿ 3400ರಿಂದಲೇ ಕಿವಿ ತೆರೆದುಕೊಂಡು ಕೂತಿರುತ್ತೆ. ಎಚ್ಚರ ಬೇಕು.

ನಾನು: ಭಾವ, ಯಾರೂ ಕೇಳದಿದ್ದರೂ ನಿಮ್ಮ ಹತ್ತಿರ ಒಂದು ಹಾಳೆ ಇರಲಿ. ಯಾವ ಡಿಶ್, ಎಷ್ಟು ಅಡಿ, ಯಾವ ತಾರೀಖಿನಿಂದ, ಎಲ್ಲಿ, ಯಾವ ಕಡೆ. ತಾರೀಖು ಕಾಣುವ ಹಾಗೆ ಫೋಟೋ. ಇಲಾಖೆಯವರು ಪಟ್ಟಿ ಕೇಳಿದ ದಿನ ಮೊದಲ ಗಂಟೆಯಲ್ಲೇ ಕೊಡುವ ಹಾಗಿರಬೇಕು.

ತಮ್ಮ: ಅಕ್ಕ, ನೀನು ಕಳಿಸುವ ಅಭಿಪ್ರಾಯ ಇಲ್ಲಿ ಹಾಕು, ಓದ್ತೀನಿ. ಕಾಗದದ ಬಗ್ಗೆ ನನ್ನ ಮನಸ್ಸು ಪೂರ್ತಿ ಬದಲಾಗಿಲ್ಲ. ಆದರೆ ಆ ಹಿರಿಯರ ಕಥೆ ಬೇಜಾರಾಯಿತು.

ತಿಪಟೂರು ಭಾವ: ಟೆರೇಸ್ ಮೇಲೆ ಬಂದಿದ್ದೇನೆ. ಮೂರು ಡಿಶ್‌ಗೂ ಫೋನಿನಲ್ಲಿ ಪಿನ್ ಹಾಕಿದೆ. ದೊಡ್ಡದು 12 ಅಡಿ, ಜಿಸ್ಯಾಟ್-30 ಕಡೆ ಇದೆ. ದಿಕ್ಕು ಡಿಗ್ರಿಯಲ್ಲೇ ಬರೀಬೇಕಾ?

ನಾನು: ಡಿಗ್ರಿಯಲ್ಲೇ ಭಾವ. ನಿಜ ಉತ್ತರದಿಂದ, ದಿಕ್ಸೂಚಿ ಮುಳ್ಳು ತೋರಿಸುವ ಉತ್ತರದಿಂದ ಅಲ್ಲ.

ಹಾಸನ ಮಾವ: 83 ಡಿಗ್ರಿ ಪೂರ್ವದ್ದು ಅದು. ತಿಪಟೂರಿನಿಂದ ದಿಕ್ಕು 154ರ ಹತ್ತಿರ ಬರುತ್ತೆ, ಎತ್ತರ 72, 73. ಅಳೆದು ನೋಡಿ, ತಾಳೆ ಆಗದಿದ್ದರೆ ಫೋನ್ ಮಾಡಿ.