ಅಪ್‌ಡೇಟ್: ಡೇಕೇರ್ ಎಫ್‌ಎಸ್‌ಎ ಕ್ಲೇಮ್ ಕೊನೆಗೂ ಪಾಸಾಯ್ತು

ಇಲ್ಲಿ ಅಮೆರಿಕದಲ್ಲಿ ಮಗಳ ಡೇಕೇರ್ ಖರ್ಚಿಗೆ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎಯಿಂದ (ಮಕ್ಕಳನ್ನು ನೋಡಿಕೊಳ್ಳುವಂಥ ಖರ್ಚಿಗೆ ಅಂತ ಟ್ಯಾಕ್ಸ್ ಇಲ್ಲದೆ ಸಂಬಳದಿಂದ ಹಿಡಿದಿಡುವ ಖಾತೆ) ದುಡ್ಡು ಕೇಳಿದರೆ ಕ್ಲೇಮ್ ವಾಪಸ್ ಬರ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಪಾಸಾಗಿದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಕಳಿಸಿದೆ, ನಡೆಯಲಿಲ್ಲ. ಹೆಲ್ತ್ ಎಫ್‌ಎಸ್‌ಎ (ವೈದ್ಯಕೀಯ ಖರ್ಚಿಗೆ ಇರುವ ಇಂಥದೇ ಖಾತೆ) ದುಡ್ಡನ್ನು ಇದಕ್ಕೆ ಬಳಸುವುದಂತೂ ಆಗುವುದೇ ಇಲ್ಲ, ಎರಡೂ ಬೇರೆ ಬೇರೆ ಖಾತೆ. ಕೆಲಸ ಮಾಡಿದ್ದು "ಡೇಕೇರ್‌ನವರ ಹತ್ತಿರಾನೇ ರಸೀದಿ ಬರೆಸಿಕೊಳ್ಳಿ" ಅಂದವರ ಸಲಹೆ. ಮಗುವಿನ ಹೆಸರು, ಡೇಕೇರ್ ಹೆಸರು, ಮೊತ್ತ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ನೋಡಿಕೊಂಡರು, ಇಷ್ಟೂ ಅದರಲ್ಲಿತ್ತು. ದುಡ್ಡು ಕಟ್ಟಿದ ದಿನ ಮುಖ್ಯ ಅಲ್ಲ, ಮಗು ಅಲ್ಲಿದ್ದ ದಿನಗಳು ಮುಖ್ಯ. ಮುಂಗಡ ಕಟ್ಟಿದ್ದರೆ ಆ ದಿನಗಳು ಮುಗಿಯುವವರೆಗೆ ಕಾಯಬೇಕು. ಡೇಕೇರ್‌ನವರ ಟ್ಯಾಕ್ಸ್ ಐಡಿಯನ್ನೂ ಆಗಲೇ ಕೇಳಿಟ್ಟುಕೊಳ್ಳಿ, ಟ್ಯಾಕ್ಸ್ ಫೈಲ್ ಮಾಡುವಾಗ ಡೇಕೇರ್ ಖರ್ಚು ತೋರಿಸುವ ಫಾರ್ಮ್ 2441ಕ್ಕೆ ಬೇಕು.

ಆಶ್ಚರ್ಯ ಆಗಿದ್ದು ಇನ್ನೊಂದು. ಹೆಲ್ತ್ ಎಫ್‌ಎಸ್‌ಎಯಲ್ಲಿ ಇಡೀ ವರ್ಷದ ಮೊತ್ತ ಮೊದಲ ದಿನವೇ ಸಿಗುತ್ತದೆ. ಇದರಲ್ಲಿ ಹಾಗಲ್ಲ, ಸಂಬಳದಿಂದ ಅಲ್ಲಿಯವರೆಗೆ ಹಿಡಿದಷ್ಟೇ ಸಿಗುವುದು. ಅದಕ್ಕೇ ನನಗೆ ಸದ್ಯಕ್ಕೆ ಸ್ವಲ್ಪ ಭಾಗ ಬಂದಿದೆ, ಉಳಿದದ್ದು ಮುಂದಿನ ಸಂಬಳಗಳ ಜೊತೆ ತಾನಾಗಿ ಬರುತ್ತದಂತೆ.

ಬೇಸಿಗೆ ರಜೆಗೆ ಯೋಚಿಸುತ್ತಿರುವವರಿಗೆ: ಡೇ ಕ್ಯಾಂಪ್ ಆದರೆ ಸರಿ, ರಾತ್ರಿ ಉಳಿಯುವ ಕ್ಯಾಂಪಿಗೆ ಕೊಡುವುದಿಲ್ಲ.