ಮಾಂಸ ತೊಗಲು, ಸೇಬು ಗಂಜಿ: ಒಂದೇ ಬಾಣಲೆಯ ಪೋರ್ಕ್ ಚಾಪ್ ಅಡುಗೆ ಎಲ್ಲಿ ಕೆಡುತ್ತಿದೆ?

ವಿರಾಜಪೇಟೆ_ವೂಸ್ಟರ್ | ಮಂಗಳವಾರ, ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಹತ್ತಿರ ಇದ್ದೇನೆ. ಇಲ್ಲೀಗ ಎಲೆ ಉದುರುವ ಕಾಲ. ಭಾನುವಾರ ತೋಟಕ್ಕೆ ಹೋಗಿ ನಾವೇ ಕೊಯ್ದ ಮ್ಯಾಕಿಂತಾಷ್ ಸೇಬು ಒಂದು ಚೀಲ ತುಂಬ ಮನೆಗೆ ಬಂದಿದೆ. ಈ ಕಾಲಕ್ಕೆ ಇಲ್ಲಿನವರು ಮಾಡುವ ಒಂದು ಅಡುಗೆ ಇದೆ: ಬೀಡು ಕಬ್ಬಿಣದ ಸ್ಕಿಲೆಟ್‌ನಲ್ಲಿ ಪೋರ್ಕ್ ಚಾಪ್ (ಬಿಲ್ಲೆಯಂತೆ ಕೊಯ್ದ ಹಂದಿಮಾಂಸದ ತುಂಡು), ಸೇಬು, ಈರುಳ್ಳಿ, ಸೇಜ್ ಎಲೆ, ಸೈಡರ್. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ತಿಂದ ದಿನದಿಂದ ಅದರ ರುಚಿ ನಾಲಿಗೆಯಲ್ಲೇ ಇದೆ. ಎರಡು ಸಲ ಮಾಡಿದೆ. ಎರಡು ಸಲವೂ ಕೆಟ್ಟಿತು.

ಮಾಡಿದ್ದು ಹೀಗೆ. ಮಧ್ಯಮ ಉರಿಯಲ್ಲಿ ನಾಲ್ಕು ಚಾಪ್‌ಗಳನ್ನು ಒಟ್ಟಿಗೆ ಹಾಕಿ ಒಂದೊಂದು ಬದಿ ಐದು ನಿಮಿಷ ಬೇಯಿಸಿದೆ. ಬಣ್ಣವೇ ಬರಲಿಲ್ಲ, ಬಾಣಲೆ ತುಂಬ ನೀರು ಬಿಟ್ಟುಕೊಂಡಿತು. ಹೆಚ್ಚಿದ ಸೇಬು, ಈರುಳ್ಳಿ, ಒಂದು ಕಪ್ ಸೈಡರ್ ವಿನೆಗರ್ ಹಾಕಿ, ಮುಚ್ಚಳ ಮುಚ್ಚಿ, ಒಳಗಿನ ಕೆಂಪು ಪೂರ್ತಿ ಹೋಗುವ ತನಕ ಇಪ್ಪತ್ತೈದು ನಿಮಿಷ ಬೇಯಿಸಿದೆ. ಮಾಂಸ ಬೂದು ಬಣ್ಣಕ್ಕೆ ತಿರುಗಿ ತೊಗಲಿನಂತಾಯಿತು, ಅಂಚುಗಳು ಬಟ್ಟಲಿನಂತೆ ಮೇಲೆದ್ದವು. ಸೇಬು ಕರಗಿ ಗಂಜಿಯಾಯಿತು. ರಸ ಕಪ್ಪಗೆ, ವಿಪರೀತ ಹುಳಿ, ಕಬ್ಬಿಣದ ಒಗರು. ಎರಡನೆಯ ಸಲ ವಿನೆಗರ್ ಅರ್ಧಕ್ಕೆ ಇಳಿಸಿದೆ, ಒಗರು ಸ್ವಲ್ಪ ಕಡಿಮೆಯಾಯಿತು, ಅಷ್ಟೇ.

ಅಮ್ಮ ವಿರಾಜಪೇಟೆಯಿಂದ ಬಂದಿದ್ದಾರೆ. ಎರಡು ತುತ್ತು ತಿಂದು, ನೀರು ಕುಡಿದು, ತಟ್ಟೆಯ ಅಂಚಿಗೆ ಮಾಂಸ ಸರಿಸಿಟ್ಟರು. ಏನೂ ಅನ್ನಲಿಲ್ಲ. ಶನಿವಾರ ಅವರಿಗೆ ಇದೇ ಅಡುಗೆಯನ್ನು ಸರಿಯಾಗಿ ಮಾಡಿ ಬಡಿಸಬೇಕೆಂದಿದ್ದೇನೆ. ದಯವಿಟ್ಟು ದಾರಿ ತೋರಿಸಿ.


ಬೀಡುಬಾಣಲೆ | ಮಂಗಳವಾರ, ತಡರಾತ್ರಿ

ನಾನು ಮಿಷಿಗನ್‌ನಲ್ಲಿದ್ದೇನೆ, ಪ್ರತಿ ಅಕ್ಟೋಬರ್‌ನಲ್ಲಿ ಈ ಅಡುಗೆ ನಮ್ಮ ಮನೆಯಲ್ಲಿ ಆಗುತ್ತದೆ. ಪರಿಹಾರಕ್ಕೆ ಮೊದಲು ನಾಲ್ಕು ವಿಷಯ ತಿಳಿಸಿ. ಚಾಪ್ ಎಷ್ಟು ದಪ್ಪ, ಮೂಳೆ ಇತ್ತೇ? ಪೊಟ್ಟಣದ ಮೇಲೆ ಉಪ್ಪುನೀರಿನ ದ್ರಾವಣ ಸೇರಿಸಲಾಗಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತೇ? ಬಾಣಲೆಯ ಅಗಲ ಎಷ್ಟು, ಹೊಸದೇ ಹಳೆಯದೇ? ಮಾಂಸದ ಥರ್ಮಾಮೀಟರ್ ಮನೆಯಲ್ಲಿ ಇದೆಯೇ?


ವಿರಾಜಪೇಟೆ_ವೂಸ್ಟರ್ | ಬುಧವಾರ, ಬೆಳಿಗ್ಗೆ

ಮೂಳೆ ಇಲ್ಲದ ಲಾಯಿನ್ ಚಾಪ್, ಅರ್ಧ ಇಂಚು ದಪ್ಪ. ಕಸದ ಬುಟ್ಟಿಯಿಂದ ಪೊಟ್ಟಣ ತೆಗೆದು ನೋಡಿದೆ, ನೀವು ಹೇಳಿದ ಸಾಲು ಇದೆ. ಬಾಣಲೆ ಹತ್ತು ಇಂಚು, ಕೊಂಡು ಒಂದು ತಿಂಗಳಾಗಿದೆ. ಥರ್ಮಾಮೀಟರ್ ಇಲ್ಲ. ಊರಿನಲ್ಲಿ ಪಂದಿ ಕರಿಗೆ ಯಾರೂ ಥರ್ಮಾಮೀಟರ್ ಇಟ್ಟದ್ದನ್ನು ನಾನು ಕಂಡಿಲ್ಲ.


ಬೀಡುಬಾಣಲೆ | ಬುಧವಾರ, ಮಧ್ಯಾಹ್ನ

ನಿಮ್ಮ ಕೊನೆಯ ವಾಕ್ಯದಲ್ಲೇ ಕಾಯಿಲೆಯ ಬೇರು ಇದೆ. ನೀವು ಲಾಯಿನ್ ಚಾಪ್‌ಗೆ ಪಂದಿ ಕರಿಯ ಬೇಯಿಸುವ ಕ್ರಮವನ್ನು ಹಾಕಿದ್ದೀರಿ. ಪಂದಿ ಕರಿಗೆ ಚರ್ಮ, ಕೊಬ್ಬು, ನಾರು ಎಲ್ಲ ಇರುವ ತುಂಡುಗಳನ್ನು ಹಾಕುತ್ತೇವೆ. ಅದರಲ್ಲಿರುವ ಗಟ್ಟಿ ಅಂಗಾಂಶ ನಿಧಾನವಾಗಿ ಬೆಂದು ಜೆಲಾಟಿನ್ ಆಗಿ ಕರಗುತ್ತದೆ. ಅದಕ್ಕೇ ಬೇಯಿಸಿದಷ್ಟೂ ಮೆತ್ತಗಾಗುತ್ತದೆ. ಲಾಯಿನ್ ಎಂದರೆ ಬೆನ್ನಿನ ಉದ್ದಕ್ಕೂ ಇರುವ, ಹೆಚ್ಚು ದುಡಿಯದ ಮಾಂಸ. ಕರಗಲು ಅದರಲ್ಲಿ ಏನೂ ಇಲ್ಲ. ಬೇಯಿಸಿದಷ್ಟೂ ನೀರು ಹಿಂಡಿಕೊಂಡು ಬಿಗಿಯುತ್ತದೆ. ಅರ್ಧ ಇಂಚಿನ ಚಾಪ್ ಇಪ್ಪತ್ತೈದು ನಿಮಿಷ ಮುಚ್ಚಳದ ಕೆಳಗೆ ಇದ್ದರೆ ತೊಗಲಾಗುವುದು ಖಂಡಿತ.

ಆದ್ದರಿಂದ ಮೊದಲು ಥರ್ಮಾಮೀಟರ್ ಕೊಳ್ಳಿ. ಇದೊಂದನ್ನು ಬಿಡಬೇಡಿ. ಹಂದಿಮಾಂಸದ ಇಡೀ ತುಂಡುಗಳಿಗೆ ಅಮೆರಿಕದ ಕೃಷಿ ಇಲಾಖೆ ಹೇಳುವ ಸುರಕ್ಷಿತ ಉಷ್ಣತೆ 145 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 63 ಸೆಲ್ಸಿಯಸ್, ಆಮೇಲೆ ಮೂರು ನಿಮಿಷ ಹಾಗೇ ಬಿಡಬೇಕು. 2011ರ ತನಕ ಇದು 160 ಇತ್ತು. ಹಳೆಯ ಅಡುಗೆ ಪುಸ್ತಕಗಳಂತೆ ಮಾಡಿದವರ ಚಾಪ್ ಒಣಗುವುದು ಈ ಹದಿನೈದು ಡಿಗ್ರಿಯ ಅಂತರದಲ್ಲೇ. ಕೊಚ್ಚಿದ ಮಾಂಸಕ್ಕೆ ಈಗಲೂ 160 ಬೇಕು, ಅದನ್ನು ಬೆರೆಸಿಕೊಳ್ಳಬೇಡಿ.

ಎರಡನೆಯದು ನೀರು. ಉಪ್ಪುನೀರು ತುಂಬಿದ ಮಾಂಸ, ಒತ್ತಾಗಿ ನಾಲ್ಕು ತುಂಡು, ಮಧ್ಯಮ ಉರಿ. ನೀರು ಇರುವ ತನಕ ಬಾಣಲೆಯ ತಳ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಮಾಂಸ ಕಂದಾಗಲು ಸುಮಾರು 140 ಬೇಕು. ನೀವು ಹುರಿಯುತ್ತಿದ್ದೇನೆಂದುಕೊಂಡಿರಿ, ಅದು ಹಬೆಯಲ್ಲಿ ಬೇಯುತ್ತಿತ್ತು. ಈ ಸಲ ಮಾಂಸದ ಅಂಗಡಿಯವರನ್ನು ಕೇಳಿ, ಮೂಳೆ ಇರುವ, ಒಂದು ಇಂಚಿಗೆ ಕಡಿಮೆಯಿಲ್ಲದ, ದ್ರಾವಣ ಸೇರಿಸದ ಚಾಪ್ ತನ್ನಿ. ಶುಕ್ರವಾರ ರಾತ್ರಿಯೇ ಒಂದೊಂದಕ್ಕೂ ಸುಮಾರು ಅರ್ಧ ಟೀ ಚಮಚ ದಪ್ಪ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನ ಕೆಳಗಿನ ಹಲಗೆಯಲ್ಲಿ ಇಡಿ. ಬೆಳಿಗ್ಗೆ ಮೇಲ್ಮೈ ಮುಟ್ಟಿದರೆ ಕಾಗದದಂತೆ ಒಣಗಿರಬೇಕು. ಅಂಚಿನ ಕೊಬ್ಬಿನ ಪಟ್ಟಿಯನ್ನು ಎರಡು ಮೂರು ಕಡೆ ಕತ್ತರಿಯಿಂದ ಸೀಳಿ. ಆ ಪಟ್ಟಿ ಬೇಗ ಕುಗ್ಗುವುದರಿಂದಲೇ ಚಾಪ್ ಬಟ್ಟಲಾಗುತ್ತದೆ.

ಮೂರನೆಯದು ಸೈಡರ್. ಇಲ್ಲಿನ ಪಾಕವಿಧಾನದಲ್ಲಿ ಸೈಡರ್ ಎಂದರೆ ತೋಟದಲ್ಲಿ ಹಿಂಡಿ, ಸೋಸದೆ ಮಾರುವ ಮಬ್ಬು ಕಂದು ಸೇಬಿನ ರಸ. ಇಂಗ್ಲೆಂಡಿನಲ್ಲಿ ಅದೇ ಹೆಸರು ಹುಳಿಬಂದ ಮದ್ಯಕ್ಕೆ. ನೀವು ಹಾಕಿದ್ದು ವಿನೆಗರ್, ಅದು ಮೂರನೆಯದೇ ವಸ್ತು. ಅಷ್ಟು ಹುಳಿ ಬೀಡು ಕಬ್ಬಿಣದಲ್ಲಿ ಅರ್ಧ ಗಂಟೆ ಕುದಿದರೆ ಎಣ್ಣೆಯ ಪದರ ಬಿಟ್ಟುಕೊಂಡು ಕಬ್ಬಿಣ ರಸಕ್ಕೆ ಇಳಿಯುತ್ತದೆ. ಕಪ್ಪು ಬಣ್ಣ, ಒಗರು ಎರಡೂ ಅದರಿಂದಲೇ. ಬಾಣಲೆ ಹಾಳಾಗಿಲ್ಲ, ಹೆದರಬೇಡಿ. ಚೆನ್ನಾಗಿ ಉಜ್ಜಿ, ಒಲೆಯ ಮೇಲೆ ಒಣಗಿಸಿ, ಬಟ್ಟೆಯಿಂದ ಒರೆಸಿದರೆ ಕಾಣಿಸದಷ್ಟು ತೆಳ್ಳಗೆ ಎಣ್ಣೆ ಸವರಿ, ಬೋರಲಾಗಿಟ್ಟು ಓವನ್‌ನಲ್ಲಿ 450 ಡಿಗ್ರಿ ಫ್ಯಾರನ್‌ಹೀಟ್‌ಗೆ ಒಂದು ಗಂಟೆ ಬಿಡಿ. ನಾಳೆಯೇ ಮಾಡಿ, ಸಾಧ್ಯವಾದರೆ ಎರಡು ಸಲ.

ಇನ್ನು ಸೇಬು. ಮ್ಯಾಕಿಂತಾಷ್ ಪರಿಮಳದ ಹಣ್ಣು, ನನಗೂ ಇಷ್ಟ, ಆದರೆ ಬಿಸಿ ತಾಗಿದರೆ ಕುಸಿಯುವುದು ಅದರ ಸ್ವಭಾವ. ಸೇಬಿನ ಗೊಜ್ಜು ಮಾಡುವವರು ಅದನ್ನು ಹುಡುಕಿಕೊಂಡು ಹೋಗುವುದು ಇದಕ್ಕೇ. ಬಾಣಲೆಗೆ ಗ್ರ್ಯಾನಿ ಸ್ಮಿತ್, ಹನಿಕ್ರಿಸ್ಪ್, ಸಿಕ್ಕಿದರೆ ನಾರ್ದರ್ನ್ ಸ್ಪೈ ತನ್ನಿ. ಸಿಪ್ಪೆ ತೆಗೆಯದೆ, ಬೆರಳಿನ ದಪ್ಪಕ್ಕೆ ಹೋಳು ಮಾಡಿ.

ಶನಿವಾರದ ಕ್ರಮ ಇದು. ಬಾಣಲೆ ಹತ್ತೇ ಇಂಚು ಇರುವುದರಿಂದ ಎರಡೆರಡಾಗಿ ಹುರಿಯಿರಿ. ಖಾಲಿ ಬಾಣಲೆಯನ್ನು ನಾಲ್ಕೈದು ನಿಮಿಷ ಕಾಯಿಸಿ, ಎಣ್ಣೆ ಹಾಕಿ, ಅದು ತೆಳ್ಳಗೆ ಹರಿದಾಗ ಚಾಪ್ ಇಡಿ. ಇಟ್ಟ ಮೇಲೆ ಕದಲಿಸಬೇಡಿ. ಬಣ್ಣ ಬರುವ ಮೊದಲು ಮಾಂಸ ತಳಕ್ಕೆ ಕಚ್ಚಿಕೊಂಡಿರುತ್ತದೆ, ಬಂದ ಮೇಲೆ ತಾನೇ ಬಿಡುತ್ತದೆ. ಮೊದಲ ಬದಿ ನಾಲ್ಕು ನಿಮಿಷ, ಎರಡನೆಯದು ಮೂರು. ನಂತರ ತಟ್ಟೆಗೆ ತೆಗೆದಿಡಿ. ಒಳಗೆ ಇನ್ನೂ ಬೆಂದಿರುವುದಿಲ್ಲ, ಇರಲಿ. ಉರಿ ಇಳಿಸಿ ಬೆಣ್ಣೆ, ಈರುಳ್ಳಿ, ಐದು ನಿಮಿಷದ ಮೇಲೆ ಸೇಬು. ಹೋಳಿನ ಎರಡೂ ಮುಖ ಹೊಂಬಣ್ಣಕ್ಕೆ ಬಂದ ಕೂಡಲೇ ಅವನ್ನೂ ತೆಗೆದಿಡಿ. ಈಗ ಒಂದು ಕಪ್ ಸೈಡರ್ ಸುರಿದು, ಮರದ ಸಟ್ಟುಗದಿಂದ ತಳಕ್ಕೆ ಹತ್ತಿದ ಕಂದು ಪದರವನ್ನೆಲ್ಲ ಎಬ್ಬಿಸಿ. ರುಚಿ ಇರುವುದು ಅದರಲ್ಲೇ. ಮುಚ್ಚಳ ಬೇಡ. ಅರ್ಧಕ್ಕೆ ಬತ್ತಿದಾಗ ಒಂದು ಟೀ ಚಮಚ ಸಾಸಿವೆ ಪೇಸ್ಟ್, ನಾಲ್ಕು ಸೇಜ್ ಎಲೆ. ಆಮೇಲೆ ಚಾಪ್‌ಗಳನ್ನು ತಟ್ಟೆಯಲ್ಲಿ ಇಳಿದ ರಸದ ಸಮೇತ ವಾಪಸ್ ಇಟ್ಟು, ನಡುವಿಗೆ ಥರ್ಮಾಮೀಟರ್ ಚುಚ್ಚಿ. ಮೊನೆ ಮೂಳೆಗೆ ತಾಗಬಾರದು. 145 ಬಂತೋ, ಒಲೆ ಆರಿಸಿ. ಸೇಬು ಕೊನೆಗೆ.

ಬಾಣಲೆ ಒಂದೇ ಆದರೂ ಸರದಿ ನಾಲ್ಕು. ನೀವು ಎಲ್ಲರನ್ನೂ ಒಟ್ಟಿಗೆ ಒಳಗೆ ಕೂರಿಸಿದ್ದೀರಿ.


ಮೂರ್ನಾಡು_ಮಳೆ | ಬುಧವಾರ, ರಾತ್ರಿ

ಒಂದು ಆತಂಕ ಹೇಳಲೇಬೇಕು. ಒಳಗೆ ಕೆಂಪು ಉಳಿದ ಹಂದಿಮಾಂಸ ತಿನ್ನಬಾರದೆಂದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ವಯಸ್ಸಾದ ತಾಯಿಗೆ ಬಡಿಸುವಾಗ 145 ಸಾಕೇ?


ಬೀಡುಬಾಣಲೆ | ಬುಧವಾರ, ರಾತ್ರಿ

ಅಕ್ಕ, ಊರಿನ ಆ ಮಾತು ಸರಿಯಾದದ್ದೇ, ಊರಿನಲ್ಲಿ ಅದನ್ನು ಬಿಡಲೂ ಬಾರದು. ಬಯಲಲ್ಲಿ ತಿರುಗಿ ಸಿಕ್ಕಿದ್ದನ್ನು ತಿನ್ನುವ ಹಂದಿಯಲ್ಲಿ ಲಾಡಿಹುಳುವಿನ ಮರಿಗಳು ಇರಬಹುದು, ಆ ಹುಳುವಿನಿಂದ ಮಿದುಳಿಗೂ ಕಾಯಿಲೆ ಬರುತ್ತದೆ. ಇಲ್ಲಿ ಅಂಗಡಿಗೆ ಬರುವುದು ಕೊಟ್ಟಿಗೆಯಲ್ಲೇ ಬೆಳೆದ, ತಪಾಸಣೆಯಾದ ಹಂದಿಯ ಮಾಂಸ. 145ರಲ್ಲಿ ನಡುವೆ ನಸುಗೆಂಪು ಇರುತ್ತದೆ, ಮೂರು ನಿಮಿಷ ಬಿಟ್ಟರೆ ಸುರಕ್ಷಿತ. ಯಾರಾದರೂ ಬೇಟೆಯಾಡಿ ತಂದ ಕಾಡುಹಂದಿ ಕೊಟ್ಟರೆ ಮಾತ್ರ ಈ ಲೆಕ್ಕ ಬೇಡ, 160 ದಾಟಿಸಿ. ತಾಯಿಗೆ ಆ ಬಣ್ಣ ನೋಡಿ ಮನಸ್ಸು ಒಪ್ಪದಿದ್ದರೆ ಅವರ ಚಾಪನ್ನು 150ರ ತನಕ ಬಿಡಿ. ದಪ್ಪ ಚಾಪ್ ಅಷ್ಟನ್ನು ತಡೆಯುತ್ತದೆ.


ಮೂರ್ನಾಡು_ಮಳೆ | ಬುಧವಾರ, ರಾತ್ರಿ

ಸಮಾಧಾನವಾಯಿತು. ನನ್ನದೊಂದು ಸಲಹೆ: ತಾಯಿ ಊರಿನಿಂದ ಕಾಚಂಪುಳಿ ತಂದಿದ್ದಾರೆಯೇ? ಸೈಡರ್ ಬತ್ತಿದರೆ ಸಿಹಿ ಮುಂದಾಗುತ್ತದೆ. ಕೊಬ್ಬಿನ ಮಾಂಸಕ್ಕೆ ಹಣ್ಣಿನ ಹುಳಿ ಬೇಕೆನ್ನುವುದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಚಂಪುಳಿಗೆ ಮಳೆಗಾಲದಲ್ಲಿ ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಸಿ, ಕೆಳಗೆ ತೊಟ್ಟಿಕ್ಕಿದ ರಸವನ್ನು ಕಪ್ಪಗೆ ಮಂದವಾಗುವ ತನಕ ಕುದಿಸಿಡುತ್ತೇವಲ್ಲ, ಇಲ್ಲಿನ ಸೇಬಿನ ರಸ ಬತ್ತಿಸುವುದೂ ಅದೇ ಜಾತಿಯ ಕೆಲಸ. ಪಂದಿ ಕರಿಯಲ್ಲಿ ಮಾಡುವಂತೆ ಒಲೆ ಆರಿಸುವ ಮುಂಚೆ ಹಾಕಿ. ಕಾಲು ಟೀ ಚಮಚಕ್ಕಿಂತ ಹೆಚ್ಚು ಬೇಡ.


ಬೀಡುಬಾಣಲೆ | ಗುರುವಾರ, ಬೆಳಿಗ್ಗೆ

ಇದು ನನಗೆ ಹೊಳೆದಿರಲಿಲ್ಲ. ಕೊನೆಯಲ್ಲಿ, ಒಂದು ನಿಮಿಷದ ಮಟ್ಟಿಗಾದರೆ ಬಾಣಲೆಗೂ ಏನೂ ಆಗುವುದಿಲ್ಲ.


ವಿರಾಜಪೇಟೆ_ವೂಸ್ಟರ್ | ಶನಿವಾರ, ರಾತ್ರಿ

ಅಡುಗೆ ಆಯಿತು, ಪಾತ್ರೆ ತೊಳೆದು ಬಂದು ಬರೆಯುತ್ತಿದ್ದೇನೆ. ಚಾಪ್ ಒಂದೂಕಾಲು ಇಂಚು, ಮೂಳೆ ಸಮೇತ. ಬಾಣಲೆಗೆ ಇಟ್ಟಾಗ ಬಂದ ಸದ್ದೇ ಬೇರೆ, ಹಿಂದಿನ ಎರಡು ಸಲವೂ ಬರಿಯ ಗುಳುಗುಳು ಇತ್ತು. ನಾಲ್ಕು ನಿಮಿಷಕ್ಕೆ ಇಕ್ಕಳದಿಂದ ಎತ್ತಿದೆ, ತಾನಾಗಿಯೇ ಬಿಟ್ಟುಕೊಂಡಿತು. ತಿರುಗಿಸಿ ನೋಡಿದರೆ ಹುರಿದ ಕಾಫಿ ಬೀಜದ ಬಣ್ಣ. ಗ್ರ್ಯಾನಿ ಸ್ಮಿತ್ ಹೋಳುಗಳು ಮುರಿಯದೆ ನಿಂತವು, ಸಿಪ್ಪೆಯ ಅಂಚು ಮಾತ್ರ ಸುಕ್ಕುಗಟ್ಟಿತ್ತು.

ನಡುವೆ ಒಂದು ಕಡೆ ಸಿಕ್ಕಿಕೊಂಡೆ. ಸೈಡರ್ ಅರ್ಧಕ್ಕೆ ಇಳಿದರೂ ರಸ ನೀರಾಗಿಯೇ ಇತ್ತು. ಚಾಪ್ 145 ಮುಟ್ಟಿಬಿಟ್ಟಿತ್ತು. ಮಾಂಸವನ್ನು ಮತ್ತೆ ತಟ್ಟೆಗೆ ತೆಗೆದು ರಸವನ್ನಷ್ಟೇ ಜೋರು ಉರಿಯಲ್ಲಿ ಇನ್ನೂ ನಾಲ್ಕು ನಿಮಿಷ ಕುದಿಸಿದೆ. ಅದು ಸರಿಯೇ?

ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಚಮಚದಲ್ಲಿ ರಸ ನೆಕ್ಕಿ, "ಸಿಹಿ ಜಾಸ್ತಿ" ಎಂದು ಹೇಳಿ, ತಾವೇ ಕಪಾಟಿನಿಂದ ಕಾಚಂಪುಳಿ ಬಾಟಲಿ ತೆಗೆದು ಹನಿಗಳನ್ನು ಲೆಕ್ಕ ಹಾಕಿ ಬಿಟ್ಟರು. ಐದು ಹನಿ. ಮೂರ್ನಾಡು ಅಕ್ಕ, ನಿಮ್ಮ ಸಲಹೆಯನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಅಕ್ಕಿ ರೊಟ್ಟಿಯ ಜೊತೆ ತಿಂದೆವು. ಅವರ ಚಾಪ್ 150ಕ್ಕೆ ಬೇಯಿಸಿದ್ದೆ. ಮೂಳೆಯ ಹತ್ತಿರದ ಮಾಂಸವನ್ನೂ ಬಿಡದೆ ತಿಂದರು.


ಬೀಡುಬಾಣಲೆ | ಭಾನುವಾರ, ಬೆಳಿಗ್ಗೆ

ಓದಿ ಬಹಳ ಸಂತೋಷವಾಯಿತು. ಮಾಂಸ ತೆಗೆದು ರಸ ಬತ್ತಿಸಿದ್ದು ಸರಿಯಾದ ಕ್ರಮ. ಮುಂದಿನ ಸಲ ಚಾಪ್ ವಾಪಸ್ ಇಡುವ ಮೊದಲೇ ನೋಡಿಕೊಳ್ಳಿ: ಸಟ್ಟುಗದಿಂದ ತಳದಲ್ಲಿ ಗೆರೆ ಎಳೆದರೆ ಅದು ಒಂದು ಕ್ಷಣ ಹಾಗೇ ನಿಂತು ಆಮೇಲೆ ಮುಚ್ಚಿಕೊಳ್ಳಬೇಕು. ಒಲೆ ಆರಿಸಿದ ಮೇಲೆ ತಣ್ಣನೆಯ ಬೆಣ್ಣೆಯ ಒಂದು ಸಣ್ಣ ತುಂಡು ಕಲಸಿದರೆ ರಸಕ್ಕೆ ಮಂದವೂ ಬರುತ್ತದೆ, ಹೊಳಪೂ ಬರುತ್ತದೆ.

ಉಳಿದ ಮ್ಯಾಕಿಂತಾಷ್‌ಗಳನ್ನು ಎಸೆಯಬೇಡಿ. ಸಿಪ್ಪೆ ತೆಗೆದು, ಸ್ವಲ್ಪ ನೀರು, ಒಂದು ಚೂರು ಚಕ್ಕೆ ಹಾಕಿ ಇಪ್ಪತ್ತು ನಿಮಿಷ ಬೇಯಿಸಿ. ಗಂಜಿಯಾಗುವ ಗುಣ ಅಲ್ಲಿ ಬೇಕೇ ಬೇಕು. ಉಳಿದ ಚಾಪ್ ಇದ್ದರೆ ತೆಳ್ಳಗೆ ಸೀಳಿ, ಬಿಸಿ ಮಾಡಿದ ಆ ರಸದಲ್ಲಿ ಕುದಿಸದೆ ಅದ್ದಿ ತಿನ್ನಿ.


ವಿರಾಜಪೇಟೆ_ವೂಸ್ಟರ್ | ಭಾನುವಾರ, ಮಧ್ಯಾಹ್ನ

ಚಾಪ್ ಒಂದೂ ಉಳಿದಿಲ್ಲ. ಮ್ಯಾಕಿಂತಾಷ್ ಒಲೆಯ ಮೇಲಿದೆ, ಅಮ್ಮ ಕಲಕುತ್ತಿದ್ದಾರೆ. ಸಮಸ್ಯೆ ಪರಿಹಾರವಾಗಿದೆ ಎಂದು ಗುರುತು ಹಾಕುತ್ತಿದ್ದೇನೆ. ಇಬ್ಬರಿಗೂ ಮನಸಾರೆ ವಂದನೆಗಳು.