ಎಂಬಿಎ ಮುಗಿಸಿ ಅಪ್ಪನ ಅಂಗಡಿಗೆ: ಮೊದಲು ಯಾವ ಕೆಲಸ?

ಪ್ರಶ್ನೆ: ಮಂಗಳೂರಿನ ಬಂದರಿನಲ್ಲಿ ದಿನಸಿ ಸಗಟು ಅಂಗಡಿ ಉಂಟು. ಲೆಕ್ಕವೆಲ್ಲ ಅಪ್ಪನ ಕೈಬರಹದ ಪುಸ್ತಕದಲ್ಲಿ. ಓದಿ ಬಂದ ಮಗ ನೇರ ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಸಾಫ್ಟ್‌ವೇರ್) ಹಾಕಬಹುದಾ?

ಉತ್ತರ 1: ಈಗಲೇ ಬೇಡ ಮಾರಾಯ್ರೆ. ತಪ್ಪು ಬಾಕಿಯನ್ನು ಕಂಪ್ಯೂಟರಿಗೆ ಏರಿಸಿದರೆ ತಪ್ಪು ಹೋಗುವುದಿಲ್ಲ. ಮೊದಲು ಉದ್ರಿ ಪುಸ್ತಕ ಹಿಡಿಯಿರಿ. ಒಬ್ಬೊಬ್ಬ ಗಿರಾಕಿಯ ಬಾಕಿ ಎಷ್ಟು ಹಳೆಯದು ಎಂದು 30, 60, 90 ದಿನ ಅಂತ ಬಿಡಿಸಿ ಬರೆದು, ಮೊತ್ತ, ತಾರೀಕು ಸಮೇತ ಸಹಿ ಹಾಕಿಸಿ. ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷ ಗಡುವು. ಅದರೊಳಗೆ ಸಹಿ ಸಿಕ್ಕಿದರೆ ಅಲ್ಲಿಂದ ಹೊಸ ಎಣಿಕೆ. ಸಹಿ ಕೇಳುವಾಗ ಅಪ್ಪನೂ ಜೊತೆಗಿರಲಿ. ಹಳೇ ಗಿರಾಕಿಯ ಹತ್ತಿರ ಮಗ ಒಬ್ಬನೇ ಚೀಟಿ ಹಿಡಿದು ಹೋದರೆ ಅಪನಂಬಿಕೆ ಅನ್ನಿಸುತ್ತದೆ, ಮರುದಿನ ಅವರು ಪಕ್ಕದ ಅಂಗಡಿಗೆ.

ಉತ್ತರ 2: ಗೋದಾಮನ್ನೂ ಎಣಿಸಿ, ಮಳೆಗಾಲಕ್ಕೆ ಮೊದಲೇ. ಒಣಮೆಣಸು, ಬೇಳೆ ಚೀಲ ನೆಲಕ್ಕೋ ಗೋಡೆಗೋ ತಾಗಿದರೆ ತಳದ ಸಾಲು ಥಂಡಿ ಹಿಡಿದು ಬೂಸ್ಟು ಬರುತ್ತದೆ. ಹಲಗೆ ಮೇಲಿಡಿ, ಗೋಡೆಯಿಂದ ಒಂದೂವರೆ ಅಡಿ ಬಿಡಿ. ಮಾಲು ಬಂದ ತಾರೀಕನ್ನು ಚೀಲದ ಮೇಲೆ ದಪ್ಪಗೆ ಬರೆಯಿರಿ. ಇಲ್ಲದಿದ್ದರೆ ಎದುರಿಗಿದ್ದ ಹೊಸ ಚೀಲವೇ ಮೊದಲು ಹೋಗುತ್ತದೆ.

ಉತ್ತರ 3: ಇವೆರಡೂ ಆದ ಮೇಲೆ ಏಪ್ರಿಲ್ 1ರಿಂದ ಟ್ಯಾಲಿ. ಜಿಎಸ್‌ಟಿ ಲೆಕ್ಕ ತಿಂಗಳಿಗೊಮ್ಮೆ ಕೊಡುವವರಾದರೆ ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ. 14ಕ್ಕೆ ಬರುವ 2ಬಿಯಲ್ಲಿ (ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿ) ಖರೀದಿ ಬಿಲ್ಲು ತಾಳೆ ನೋಡಿ, 20ರೊಳಗೆ 3ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್. ಮಾಲು ಕೊಟ್ಟವರಿಗೆ 180 ದಿನದೊಳಗೆ ಹಣ ಕೊಡದಿದ್ದರೆ, ಪಡೆದ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲಿನ ಜಿಎಸ್‌ಟಿಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡದ್ದು) ಬಡ್ಡಿ ಸಮೇತ ವಾಪಸು ಕಟ್ಟಬೇಕು.